ಕಡೇ ಲಾಂಚ್ ಎಷ್ಟು ಹೊತ್ತಿಗೆ?

ನೀರು ನೋಡೋಕೆ ದುಡ್ಡು ಕೊಟ್ಟು ಹೋಗ್ತಿದೀವಿ ಅಂತ ನಮ್ಮೂರಲ್ಲಿ ಯಾರಿಗಾದರೂ ಹೇಳಿದರೆ ನಗುತ್ತಾರೆ. ನಮ್ಮದು ಸಾಗರ ತಾಲ್ಲೂಕಿನ ಕರೂರು ಹೋಬಳಿ, ತುಮರಿಯಿಂದ ಇನ್ನೂ ಒಳಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ತುಂಬಿಕೊಂಡಾಗ ನಮ್ಮಜ್ಜನ ಗದ್ದೆ ತಳಕ್ಕೆ ಹೋಯಿತು, ಮನೆ ಗುಡ್ಡಕ್ಕೆ ಬಂತು. ಅಪ್ಪನಿಗೆ ಆಗ ನಾಲ್ಕು ವರ್ಷ. ಅಲ್ಲಿಂದ ಮುಂದೆ ಸಾಗರ ಪೇಟೆಗೆ ಹೋಗಬೇಕೆಂದರೆ ಹೊಳೆ ದಾಟಬೇಕು. ನಾನು ಹೈಸ್ಕೂಲು, ಪಿಯುಸಿ ಮುಗಿಸಿದ್ದೇ ಲಾಂಚಿನಲ್ಲಿ ಓಡಾಡಿಕೊಂಡು. ಬಸ್ಸು, ಜೀಪು, ದನ, ಮದುವೆ ದಿಬ್ಬಣ ಎಲ್ಲ ಅದರ ಮೇಲೇ. ಸಂಜೆ ಕಡೇ ಲಾಂಚ್ ತಪ್ಪಿತೋ, ಆ ರಾತ್ರಿ ಆಚೆ ದಡದಲ್ಲೇ.

ಇಂಥ ಮನೆಯ ಅಪ್ಪ ಅಮ್ಮನನ್ನು ನಾನು ಕ್ರೂಸ್ ಹಡಗಿಗೆ ಕರೆದುಕೊಂಡು ಹೋದೆ. 2024ರ ಮೇ ತಿಂಗಳು. ಮುಂಬೈಯಿಂದ ಲಕ್ಷದ್ವೀಪಕ್ಕೆ ಹೋಗಿ ವಾಪಸ್, ನಾಲ್ಕು ರಾತ್ರಿ. ಏಪ್ರಿಲ್‌ನಲ್ಲಿ ಬೋನಸ್ ಬಂದಿತ್ತು. ಅದಕ್ಕಿಂತ ನಿಜವಾದ ಕಾರಣ, ಹಿಂದಿನ ಹತ್ತು ತಿಂಗಳಲ್ಲಿ ನಾನು ಊರಿಗೆ ಹೋಗಿದ್ದು ಎರಡೇ ಸಲ, ಎರಡು ಸಲವೂ ಲ್ಯಾಪ್‌ಟಾಪ್ ಹಿಡಿದು ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಕೂತಿದ್ದೆ. ಅಮ್ಮ ಅಲ್ಲಿಗೇ ಕಾಫಿ ತಂದುಕೊಟ್ಟಿದ್ದಳು. ಅದನ್ನೆಲ್ಲ ಒಂದೇ ಏಟಿಗೆ ಸರಿ ಮಾಡಿಬಿಡೋಣ ಅಂತ ನನ್ನ ಲೆಕ್ಕ.

ಜಾಹೀರಾತಿನಲ್ಲಿ ಒಬ್ಬರಿಗೆ 27 ಸಾವಿರ ಅಂತಿತ್ತು. ಮೂರು ಜನಕ್ಕೆ 81. ಬುಕ್ ಮಾಡುತ್ತಾ ಹೋದಂತೆ ಬಂದರು ಶುಲ್ಕ, ಸರ್ವಿಸ್ ಚಾರ್ಜ್, ಜಿಎಸ್‌ಟಿ ಒಂದೊಂದೇ ಪುಟದಲ್ಲಿ ಸೇರಿಕೊಂಡು, ದುಡ್ಡು ಕಟ್ಟುವ ಪುಟಕ್ಕೆ ಬಂದಾಗ 1 ಲಕ್ಷ 12 ಸಾವಿರ ಆಗಿತ್ತು. ಇಂಥ ಪುಟಗಳನ್ನು ಕಟ್ಟುವುದೇ ನನ್ನ ಕೆಲಸ. ಗ್ರಾಹಕ ಎಷ್ಟನೇ ಪುಟದವರೆಗೆ ಬಂದರೆ ಆಮೇಲೆ ವಾಪಸ್ ಹೋಗಲ್ಲ ಅನ್ನೋದೂ ಗೊತ್ತು. ಗೊತ್ತಿದ್ದೂ ಕಟ್ಟಿದೆ. ಬಾಲ್ಕನಿ ಇರುವ ರೂಮಿಗೆ ಹತ್ತಿರ ಹತ್ತಿರ ಎರಡರಷ್ಟು ಕೇಳುತ್ತಿದ್ದರು, ಹಾಗಾಗಿ ಒಳಗಿನ ರೂಮು. ಒಳಗಿನ ರೂಮು ಅಂದರೆ ಕಿಟಕಿಯೇ ಇಲ್ಲದ ರೂಮು ಅಂತ ಅಪ್ಪ ಅಮ್ಮನಿಗೆ ಹೇಳಿರಲಿಲ್ಲ.

ಮೊದಲ ಪೆಟ್ಟು ಬಿದ್ದಿದ್ದು ಹಡಗು ಹತ್ತುವ ಮೊದಲೇ. ಅಮ್ಮ ಬ್ಯಾಗಿನಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಬಾಟ್ಲಿ ಇಟ್ಟುಕೊಂಡಿದ್ದಳು. ಅವಳ ಲೆಕ್ಕದಲ್ಲಿ ಅದು ಊಟದ ಸಾಮಾನಲ್ಲ, ಔಷಧಿ. ಸ್ಕ್ಯಾನ್ ಮಾಡುವಲ್ಲಿ ತೆಗೆಸಿದರು. ಮನೆಯಲ್ಲಿ ಮಾಡಿದ್ದು ಏನೂ ಒಳಗೆ ಹೋಗುವ ಹಾಗಿಲ್ಲ ಅಂದರು, ಒಂದು ಚೀಟಿ ಅಂಟಿಸಿ, ಇಳಿಯುವಾಗ ತಗೊಳ್ಳಿ ಅಂತ ಪಕ್ಕಕ್ಕಿಟ್ಟರು. ಅಲ್ಲಿ ಸಾಲಾಗಿ ಡಬ್ಬಿಗಳು. ಯಾರದೋ ಥೇಪ್ಲಾ, ಯಾರದೋ ಚಕ್ಕುಲಿ. ಅಮ್ಮ ಹಿಂತಿರುಗಿ ಹಿಂತಿರುಗಿ ನೋಡುತ್ತಾ ಬಂದಳು, ಮಗುವನ್ನು ಬಾಲವಾಡಿಯಲ್ಲಿ ಬಿಟ್ಟು ಬರುವ ಹಾಗೆ.

ರೂಮಿನ ಬಾಗಿಲು ತೆಗೆದಾಗ ಅಪ್ಪ ಹೊಸ್ತಿಲಲ್ಲೇ ನಿಂತರು. ಎರಡು ಮಂಚ, ಮೇಲೆ ಛಾವಣಿಯಿಂದ ಇಳಿಯುವ ಮೂರನೇದು, ಅದಕ್ಕೊಂದು ಏಣಿ. ಅದು ನನ್ನದು. ಪರದೆ ಇತ್ತು. ಅಪ್ಪ ಹೋಗಿ ಪರದೆ ಸರಿಸಿದರು. ಹಿಂದೆ ಗೋಡೆ.

“ಇದೆಂತಕ್ಕೆ ಪರದೆ ಹಾಕಿದಾರಾ?” ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಟೀವಿಯಲ್ಲಿ ಒಂದು ಚಾನೆಲ್ ಇತ್ತು, ಹಡಗಿನ ಮುಂಭಾಗದ ಕ್ಯಾಮೆರಾದಲ್ಲಿ ಕಾಣುವ ಸಮುದ್ರವನ್ನು ದಿನವಿಡೀ ತೋರಿಸುತ್ತಿತ್ತು. ಅಪ್ಪ ಸಮುದ್ರದ ಮೇಲೆ ಕೂತು ಟೀವಿಯಲ್ಲಿ ಸಮುದ್ರ ನೋಡಿದರು.

ಮುಂಬೈ ದೀಪಗಳು ಹಿಂದಾದ ಮೇಲೆ ಅಮ್ಮನಿಗೆ ಶುರುವಾಯಿತು. ಲಾಂಚಿನಲ್ಲಿ ಜೀವಮಾನ ಓಡಾಡಿದವಳಿಗೆ ಹಡಗಿನ ವಾಂತಿ ಬರುತ್ತೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಹಿನ್ನೀರಿನ ಲಾಂಚು ಗಡಗಡ ಅಂತ ನಡುಗುತ್ತೆ ಅಷ್ಟೆ, ತೂಗಲ್ಲ. ಇದು ತೂಗುತ್ತೆ, ನಿಧಾನಕ್ಕೆ, ತೊಟ್ಟಿಲ ಹಾಗೆ. ಕಿವಿಯೊಳಗಿನ ಸಮತೋಲನದ ಅಂಗ ಅಲ್ಲಾಡ್ತಿದೀವಿ ಅನ್ನುತ್ತೆ, ಕಣ್ಣು ಎದುರಿನ ಗೋಡೆ ನೋಡಿ ಇಲ್ಲ ಅನ್ನುತ್ತೆ, ಆ ಜಗಳಕ್ಕೇ ಹೊಟ್ಟೆ ತೊಳಸೋದು. ಡೆಕ್ಕಿಗೆ ಹೋಗಿ ದೂರದ ಬಾನಂಚು ನೋಡುತ್ತಾ ಕೂತರೆ ಎಷ್ಟೋ ವಾಸಿ. ಕಿಟಕಿ ಇಲ್ಲದ ರೂಮಿನಲ್ಲಿ ಬಾನಂಚು ಎಲ್ಲಿಂದ ತರೋದು? ಅದರ ಮೇಲೆ ನಮ್ಮ ರೂಮು ಹಡಗಿನ ತೀರಾ ಮುಂದಿನ ಕೊನೆಯಲ್ಲಿತ್ತು. ನಡುಭಾಗದಲ್ಲಿ, ಕೆಳಗಿನ ಅಂತಸ್ತಿನಲ್ಲಿ ತೂಗಾಟ ಕಡಿಮೆ ಅನ್ನೋದು ಆಮೇಲೆ ತಿಳಿಯಿತು. ಹೋಗುವವರಿದ್ದರೆ ಇದೊಂದನ್ನು ನೋಡಿಕೊಂಡು ಬುಕ್ ಮಾಡಿ. ಮಾತ್ರೆಯನ್ನೂ ಡಾಕ್ಟರನ್ನು ಕೇಳಿ ಹತ್ತುವ ಮುಂಚೆಯೇ ತಗೊಳ್ಳಬೇಕು, ಶುರುವಾದ ಮೇಲೆ ನುಂಗಿದರೆ ಮಾತ್ರೆಯೂ ಹೊರಗೆ ಬರುತ್ತೆ.

ಮಾರನೇ ದಿನ ಪೂರ್ತಿ ಸಮುದ್ರದ ಮೇಲೇ. ಅಮ್ಮ ಮಲಗೇ ಇದ್ದಳು. “ಒಂದು ಮಿಡಿ ಇದ್ದಿದ್ರೆ ಬಾಯಿ ಸರಿಯಾಗ್ತಿತ್ತು” ಅಂತ ಎರಡು ಸಲ ಅಂದಳು. ನಾನು ಊಟದ ಹಾಲಿನಿಂದ ಪುಟ್ಟ ಪ್ಯಾಕೆಟ್ಟಿನ ಉಪ್ಪಿನಕಾಯಿ ತಂದೆ. ಮೂಸಿ ನೋಡಿ ಪಕ್ಕಕ್ಕಿಟ್ಟಳು. ಹಡಗಿನ ಉಳಿದ ವೈಭವದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ. ಈಜುಕೊಳದಲ್ಲಿ ನೀರಿಗಿಂತ ಜನ ಜಾಸ್ತಿ, ತಿಂಡಿಗೆ ಸಾಲು, ಲಿಫ್ಟಿಗೆ ಸಾಲು, ಮಧ್ಯರಾತ್ರಿವರೆಗೆ ನೆತ್ತಿಯ ಮೇಲೆ ಡಿಜೆ. ಊಟ ಕೆಟ್ಟದಿರಲಿಲ್ಲ, ಸುಳ್ಳು ಹೇಳಬಾರದು. ಫೋನನ್ನು ಫ್ಲೈಟ್ ಮೋಡಿಗೆ ಹಾಕೋದು ಮರೆತಿದ್ದೆ. ದಡದ ಟವರ್ ಹೋದ ಮೇಲೆ ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ತಾನೇ ಸೇರಿಕೊಂಡು, ತಿಂಗಳ ಕೊನೆಗೆ ವಿದೇಶಕ್ಕೆ ಹೋಗಿ ಬಂದವರ ಬಿಲ್ ಬಂತು.

ಇಷ್ಟೆಲ್ಲ ಸಹಿಸಿದ್ದು ಮೂರನೇ ದಿನಕ್ಕಾಗಿ. ಅವತ್ತು ಅಗತ್ತಿ ದ್ವೀಪದಲ್ಲಿ ಇಳಿಯೋದು. ಹವಳದ ದಿಬ್ಬದೊಳಗಿನ ನೀರು ಆಳ ಇಲ್ಲದ್ದರಿಂದ ದೊಡ್ಡ ಹಡಗು ದಡಕ್ಕೆ ಹೋಗಲ್ಲ, ಹೊರಗಡೆ ನಿಲ್ಲುತ್ತೆ, ಸಣ್ಣ ದೋಣಿಗಳು ಬಂದು ಜನರನ್ನು ಕರೆದುಕೊಂಡು ಹೋಗುತ್ತವೆ. ಹಿಂದಿನ ರಾತ್ರಿ ಇದನ್ನು ವಿವರಿಸಿದಾಗ ಅಮ್ಮ ಮಲಗಿದ್ದಲ್ಲಿಂದಲೇ ಕೇಳಿದ್ದು ಒಂದೇ ಪ್ರಶ್ನೆ.

“ಕಡೇ ಲಾಂಚ್ ಎಷ್ಟು ಹೊತ್ತಿಗಾ?”

“ಲಾಂಚಲ್ಲ ಅಮ್ಮ. ಸಂಜೆ ನಾಲ್ಕಕ್ಕೆ.”

“ಹಂಗಾದ್ರೆ ಮೂರಕ್ಕೇ ದಡದಲ್ಲಿ ಇರಬೇಕು.”

ಬೆಳಿಗ್ಗೆ ಅವಳೇ ಎದ್ದು ತಲೆ ಬಾಚಿಕೊಂಡಳು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದರು. ಏಳು ಗಂಟೆಗೆ ಡೆಕ್ಕಿನಲ್ಲಿ ನಿಂತಿದ್ದೆವು. ದೂರದಲ್ಲಿ ತೆಂಗಿನ ಮರಗಳ ಒಂದು ಹಸಿರು ಗೆರೆ, ಅದರ ಮುಂದೆ ತಿಳಿ ನೀಲಿ ಪಟ್ಟಿ. ಬಿಸಿಲು ಹೊಳೆಯುತ್ತಿತ್ತು, ಗಾಳಿ ಇಲ್ಲ. ಅಮ್ಮನ ಮುಖಕ್ಕೆ ಮೂರು ದಿನದಲ್ಲಿ ಮೊದಲ ಸಲ ಬಣ್ಣ ಬಂದಿತ್ತು. ಎಂಟೂವರೆಗೆ ಮೈಕಿನಲ್ಲಿ ಹೇಳಿದರು: ಅಲೆಗಳ ಕಾರಣ ದೋಣಿಗೆ ಇಳಿಸುವುದು ಸುರಕ್ಷಿತವಲ್ಲ, ಇವತ್ತಿನ ದ್ವೀಪ ಭೇಟಿ ರದ್ದು, ಬದಲಿಗೆ ಹನ್ನೊಂದಕ್ಕೆ ತಂಬೋಲ ಇದೆ.

ನಾನು ಸೀದಾ ಕೆಳಗೆ ರಿಸೆಪ್ಷನ್ನಿಗೆ ಹೋದೆ. ನನ್ನ ಹಾಗೆ ಇನ್ನೂ ನೂರು ಜನ. ಒಂದು ಗಂಟೆ ಸಾಲಿನಲ್ಲಿ ನಿಂತು, ನನ್ನ ಸರದಿ ಬಂದಾಗ ಮೊಬೈಲಿನಲ್ಲಿ ಬುಕಿಂಗ್ ತೋರಿಸಿ ಇಂಗ್ಲಿಷಿನಲ್ಲಿ ಕೂಗಾಡಿದೆ. ಹೊರಗೆ ಬಂದು ನೋಡಿ, ಎಲೆ ಕೂಡ ಅಲ್ಲಾಡ್ತಿಲ್ಲ, ಯಾವ ಅಲೆ? ಡೀಸೆಲ್ ಉಳಿಸೋಕೆ ನಾಟಕ ಇದು. ಹಾಗೆಲ್ಲ ಅಂದೆ. ಕೌಂಟರಿನ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ತಮೂರು ಇರಬೇಕು. ಕಾರ್ಯಕ್ರಮ ಬದಲಾಗಬಹುದು ಅಂತ ನಿಯಮದಲ್ಲೇ ಇದೆ ಸರ್ ಅಂತ ಅದೇ ವಾಕ್ಯವನ್ನು ಹೇಳುತ್ತಿದ್ದಳು, ಕಣ್ಣು ತುಂಬಿತ್ತು. ಯಾರೋ ಹಿಂದಿನಿಂದ ಅಂಗಿ ಎಳೆದರು. ಅಪ್ಪ.

“ಬಾ ಮಾರಾಯ, ಸಾಕು.”

“ನಿಂಗೆ ಗೊತ್ತಾಗಲ್ಲ ಅಪ್ಪ, ಸುಮ್ನಿರು. ನಿಮಗೋಸ್ಕರನೇ ಜಗಳ ಆಡ್ತಿರೋದು ನಾನು!”

ಎಲ್ಲರೂ ತಿರುಗಿ ನೋಡುವಷ್ಟು ಜೋರಾಗಿ ಹೇಳಿದ್ದೆ. ಅಪ್ಪ ಏನೂ ಅನ್ನದೆ ಹೋದರು.

ಆಮೇಲೆ ಹುಡುಕಿಕೊಂಡು ಹೋದಾಗ ಹಡಗಿನ ಹಿಂದಿನ ಡೆಕ್ಕಿನಲ್ಲಿ ಸಿಕ್ಕಿದರು. ಕಟಾಂಜನಕ್ಕೆ ಕೈ ಕೊಟ್ಟು ಕೆಳಗೆ ನೋಡುತ್ತಿದ್ದರು. ಕೆಳಗೆ ಒಂದು ದೋಣಿ ಹಡಗಿನ ಪಕ್ಕದ ಬಾಗಿಲ ಹತ್ತಿರ ಬಂದಿತ್ತು, ಬಹುಶಃ ಕಾಗದ ಪತ್ರಕ್ಕೆ. ನಾನು ಅಲ್ಲಿಯವರೆಗೂ ನೀರಿನ ಮಟ್ಟದಲ್ಲಿ ನೋಡಿರಲೇ ಇಲ್ಲ. ನುಣ್ಣನೆಯ ನೀರೇ, ನೊರೆ ಇಲ್ಲ, ಆದರೆ ಆ ದೋಣಿ ಒಂದಾಳು ಎತ್ತರ ಮೇಲೇಳುತ್ತಿತ್ತು, ಕುಸಿಯುತ್ತಿತ್ತು. ಬಾಗಿಲಲ್ಲಿದ್ದ ಖಲಾಸಿ ಕೈ ಚಾಚಿ ಕಾಯುತ್ತಿದ್ದ, ಸಿಗುತ್ತಿರಲಿಲ್ಲ.

“ನಿಮ್ಮಮ್ಮನ್ನ ಇದಕ್ಕೆ ಇಳಿಸ್ತಿದ್ಯೇನಾ?” ಅಂದರು ಅಪ್ಪ. ಬೈದ ಹಾಗಿರಲಿಲ್ಲ.

ಆಮೇಲೆ ಅಜ್ಜಿಯ ವಿಷಯ ಹೇಳಿದರು. ಅಜ್ಜಿ ನಾನು ಹುಟ್ಟುವ ಎಷ್ಟೋ ಮುಂಚೆ ಎದೆನೋವು ಬಂದು ಹೋದರು ಅಂತಷ್ಟೇ ನನಗೆ ಗೊತ್ತಿದ್ದದ್ದು. ಮಳೆಗಾಲದ ರಾತ್ರಿ, ಕಂಬಳಿಯಲ್ಲಿ ಕಟ್ಟಿ ಹೊಳೆಬಾಗಿಲಿಗೆ ಹೊತ್ತು ತಂದರಂತೆ. ರಸ್ತೆಯಲ್ಲಿ ಸುತ್ತಿಕೊಂಡು ಹೋಗೋಣ ಅಂದರೆ ಜೀಪಿಲ್ಲ. ಗಾಳಿ ಜೋರಿತ್ತು, ಲಾಂಚಿನವನು ಬಿಡಲ್ಲ ಅಂದ. ಅಜ್ಜ ಕಾಲು ಹಿಡಿದರು, ಬೈದರು, ಹೊಡೆಯೋಕೂ ಹೋದರು. ಅವನು ಬಿಡಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಹೊಳೆ ದಾಟುವ ಅಗತ್ಯ ಇರಲಿಲ್ಲ.

“ಅಜ್ಜ ಸಾಯೋವರೆಗೂ ಅವನ ಮುಖ ನೋಡ್ಲಿಲ್ಲ. ನಾನೂ ತುಂಬಾ ವರ್ಷ ಮಾತಾಡ್ಸಿರ್ಲಿಲ್ಲ” ಅಂದರು ಅಪ್ಪ. “ಆಮೇಲೆ ಒಂದಿನ ಲಾಂಚಿನಲ್ಲೇ ಅವನ ಪಕ್ಕ ನಿಂತಿದ್ದೆ. ಅವನೇ ಅಂದ, ಆ ರಾತ್ರಿ ಬಿಟ್ಟಿದ್ರೆ ಎಂಟು ಜನ ಹೋಗ್ತಿದ್ವಿ ಅಂತ. ನಂಗೆ ಎಂತ ಹೇಳೋಕೂ ಆಗ್ಲಿಲ್ಲ. ಅವ ಹೇಳಿದ್ದು ಸರಿಯೇ ಇರಬಹುದು. ಆದ್ರೂ ಅಮ್ಮ ಅಲ್ದನಾ?”

ನಾನು ಸುಮ್ಮನೆ ನಿಂತಿದ್ದೆ. ಅಪ್ಪ ಇಷ್ಟುದ್ದ ಮಾತಾಡಿದ್ದು ನನಗೆ ನೆನಪಿಲ್ಲ. ನೀರು ಅಂದರೆ ಈ ಮನುಷ್ಯನಿಗೆ ಏನು ಅಂತ ಕೇಳದೇ ಟಿಕೆಟ್ ತೆಗೆದಿದ್ದೆನಲ್ಲ. ಯಾಕೆ ಬಂದ್ರಿ ಹಾಗಾದ್ರೆ ಅಂತ ಕೇಳಿದೆ. “ನೀನು ಐದು ದಿನ ಸಿಗ್ತೆ ಅಂತ ನಿಮ್ಮಮ್ಮ ಅಂದ್ಲು” ಅಂದರು.

ಊರಿಗೆ ಬಂದ ಮೇಲೆ ಓದಿದೆ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಅದರ ಅಲೆಗಳು ಸಾವಿರಾರು ಕಿಲೋಮೀಟರ್ ಪ್ರಯಾಣ ಮಾಡಿ ದಿನಗಳ ಮೇಲೆ ಕೇರಳ, ಲಕ್ಷದ್ವೀಪದ ದಡಕ್ಕೆ ಬರುತ್ತವೆ. ಇಲ್ಲಿ ಗಾಳಿಯೂ ಇಲ್ಲ, ಮೋಡವೂ ಇಲ್ಲ. ಮಲಯಾಳದವರು ಇದಕ್ಕೆ ಕಳ್ಳಕ್ಕಡಲ್ ಅನ್ನುತ್ತಾರೆ, ಕಳ್ಳನ ಹಾಗೆ ಬರುವ ಕಡಲು. ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಬರುವುದು ಹೆಚ್ಚು, ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮುನ್ನೆಚ್ಚರಿಕೆಯನ್ನೂ ಕೊಡುತ್ತೆ. ಆ ಮೇ ಮೊದಲ ವಾರ ಕೊಟ್ಟಿತ್ತು ಕೂಡ. ಅಂದರೆ ಆ ಹುಡುಗಿ ಸುಳ್ಳು ಹೇಳಿರಲಿಲ್ಲ. ಹಡಗಿನವರ ಮೇಲೆ ನನ್ನ ಸಿಟ್ಟು ಹೋಗಿದೆ ಅಂತಲ್ಲ. ದ್ವೀಪದ ಫೋಟೋವನ್ನು ಅಂಗೈಯಗಲ ಹಾಕಿ, ಇಳಿಸದೆಯೂ ಇರಬಹುದು ಅನ್ನೋದನ್ನು ಇರುವೆಯಷ್ಟು ಅಕ್ಷರದಲ್ಲಿ ಹಾಕುವುದು ಅಲೆಯ ತಪ್ಪಲ್ಲ. ಆದರೆ ಕೂಗಾಡಿದ್ದು ಅವಳ ಮೇಲೆ. ಸಂಜೆ ಹೋಗಿ ಕ್ಷಮೆ ಕೇಳೋಣ ಅಂತ ಹೋದೆ, ಕೌಂಟರಿನಲ್ಲಿ ಬೇರೆಯವರಿದ್ದರು.

ಪರಿಹಾರ ಅಂತ ಒಬ್ಬೊಬ್ಬರಿಗೆ 1500 ರೂಪಾಯಿ ಕೊಟ್ಟರು, ಹಡಗಿನ ಅಂಗಡಿಯಲ್ಲೇ ಖರ್ಚು ಮಾಡಬೇಕು. ಆ ಬೆಲೆಗೆ ಅಪ್ಪನಿಗೊಂದು ಟೋಪಿ, ಅಮ್ಮನಿಗೊಂದು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್, ಒಂದು ಚಾಕಲೇಟ್ ಡಬ್ಬಿ ಬಂತು. ಮ್ಯಾಗ್ನೆಟ್ಟಿನ ಮೇಲೆ ದ್ವೀಪದ ಚಿತ್ರ, ತೆಂಗಿನ ಮರದ ಸಮೇತ. ಇಳಿಯದಿದ್ದ ದ್ವೀಪದ ಶುಲ್ಕವನ್ನು ವಾಪಸ್ ಮಾಡುವುದಾಗಿ ಇಮೇಲ್ ಬಂತು.

ವಾಪಸ್ ಬರುವಾಗ ನಾಲ್ಕನೇ ದಿನ ಮೂರೂ ಜನ ಡೆಕ್ಕಿನಲ್ಲೇ ಕಳೆದೆವು. ಬಾನಂಚು ನೋಡುತ್ತಾ ಕೂತರೆ ಅಮ್ಮನಿಗೆ ವಾಂತಿ ಬರಲಿಲ್ಲ. ಅಪ್ಪ ಅಮ್ಮ ಏನೋ ಅಡಿಕೆ ಔಷಧಿ ಹೊಡೆಯುವ ಲೆಕ್ಕ ಮಾತಾಡುತ್ತಿದ್ದರು, ನಾನು ಪಕ್ಕದಲ್ಲಿ ನಿದ್ದೆ ಮಾಡಿದೆ. ಮುಂಬೈಯಲ್ಲಿ ಇಳಿದು, ಸಾಲಿನಲ್ಲಿ ನಿಂತು, ಚೀಟಿ ತೋರಿಸಿ ಅಮ್ಮ ಬಾಟ್ಲಿ ಬಿಡಿಸಿಕೊಂಡಳು. ಟ್ಯಾಕ್ಸಿ ಬರುವಷ್ಟರಲ್ಲಿ ಸೂಟ್‌ಕೇಸಿನ ಮೇಲೆ ಕೂತು ಮುಚ್ಚಳ ತೆಗೆದು ಒಂದು ಮಿಡಿ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅಪ್ಪನಿಗೊಂದು, ನನಗೊಂದು.

2025ರ ಜುಲೈನಲ್ಲಿ ನಮ್ಮ ಹಿನ್ನೀರಿಗೆ ಸೇತುವೆ ಆಯಿತು. ಈಗ ಬೆಂಗಳೂರಿನಿಂದ ಹೊರಟರೆ ಕಾರು ಸೀದಾ ಆಚೆ ದಡಕ್ಕೆ. ಮೊನ್ನೆ ಹೋದಾಗ ನೋಡಿದೆ, ಫ್ರಿಜ್ಜಿನ ಮೇಲೆ ಲಾಂಚಿನ ವೇಳಾಪಟ್ಟಿ ಇನ್ನೂ ಇದೆ, ಅದನ್ನು ಹಿಡಿದುಕೊಂಡಿರೋದು ಆ ದ್ವೀಪದ ಮ್ಯಾಗ್ನೆಟ್. ಊಟಕ್ಕೆ ಕೂತಾಗ ಅಪ್ಪ ಎಂದಿನಂತೆ ಕೇಳಿದರು, “ಆ ದುಡ್ಡು ಬಂತನಾ?”

“ಇನ್ನೂ ಇಲ್ಲ ಅಪ್ಪ.”

“ಬಿಡಬೇಡ, ಕೇಳ್ತಾ ಇರು. ಬೈದು ಕೇಳ್ಬೇಡ ಮತ್ತೆ.”