ವಿಹಾರಕ್ಕೆ ತಕ್ಕ ಕಾಲ

ವಿಹಾರವೆಂಬ ಮಾತಿಗೆ ಜೈನರ ಮನೆಗಳಲ್ಲಿ ಎರಡು ಅರ್ಥಗಳುಂಟು. ಮುನಿಸಂಘವು ಒಂದೂರಿನಿಂದ ಮತ್ತೊಂದೂರಿಗೆ ಕಾಲ್ನಡಿಗೆಯಲ್ಲಿ ಸಾಗುವುದು ಒಂದು. ಮಕ್ಕಳ ಶಾಲೆಗೆ ರಜೆ ಬಂದಾಗ ಗೃಹಸ್ಥರು ಸಂಸಾರಸಮೇತರಾಗಿ ಸಂತೋಷಕ್ಕಾಗಿ ಹೊರಡುವುದು ಇನ್ನೊಂದು. ಮೊದಲನೆಯದಕ್ಕೆ ಕಾಲನಿಯಮವಿದೆ. ಮಳೆಗಾಲದಲ್ಲಿ ನೆಲದ ಮೇಲೆ ಹಸಿರೂ ಹುಳುಹುಪ್ಪಟೆಯೂ ಹೆಚ್ಚುವುದರಿಂದ, ಆಷಾಢದಿಂದ ದೀಪಾವಳಿಯವರೆಗೆ ಮುನಿಗಳು ಒಂದೆಡೆ ನೆಲೆನಿಂತು ಚಾತುರ್ಮಾಸವನ್ನು ಕಳೆಯುತ್ತಾರೆ. ಎರಡನೆಯ ಬಗೆಯ ವಿಹಾರಕ್ಕೆ ಶಾಲೆಯ ರಜೆ, ಟಿಕೆಟ್ಟಿನ ದರ, ಜನಸಂದಣಿ ಈ ಮೂರರ ಹೊರತು ಬೇರೆ ನಿಯಮವಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ಈ ತಿಳಿವಳಿಕೆ ಎಷ್ಟರಮಟ್ಟಿಗೆ ಸರಿ ಎಂಬ ಪ್ರಶ್ನೆ ಅಮೆರಿಕದ ಅಟ್ಲಾಂಟಾದಲ್ಲಿ ನೆಲೆಸಿರುವ, ಕಾರ್ಕಳದ ಕಡೆಯ ಒಂದು ಶ್ರಾವಕ ಕುಟುಂಬದಲ್ಲಿ 2023ರಲ್ಲಿ ಎದ್ದಿತು. ಮನೆಯಲ್ಲಿ ಗಂಡಹೆಂಡಿರು, ಹನ್ನೊಂದು ವರ್ಷದ ಮಗ, ಆರು ವರ್ಷದ ಮಗಳು. ಊರಿನಿಂದ ಬರಲಿದ್ದ ಅಜ್ಜಿ. ಹೋಗಬೇಕೆಂದು ಮಕ್ಕಳು ಹಂಬಲಿಸಿದ್ದುದು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ಗೆ.

ಆ ಸ್ಥಳದ ಪರಿಚಯವಿಲ್ಲದವರಿಗೆ ಒಂದೆರಡು ಮಾತು. 1971ರ ಅಕ್ಟೋಬರ್ 1ರಂದು ಅದು ತೆರೆಯಿತು. ಸುಮಾರು 100 ಚದರ ಕಿಲೋಮೀಟರು ವಿಸ್ತಾರದ ನೆಲದಲ್ಲಿ ಇಂದು ನಾಲ್ಕು ದೊಡ್ಡ ಉದ್ಯಾನಗಳೂ ಎರಡು ಜಲೋದ್ಯಾನಗಳೂ ಇವೆ. ಬಿಡದಿಯ ವಂಡರ್‌ಲಾದಂತೆ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಸ್ಥಳವಲ್ಲ; ನಾಲ್ಕೈದು ದಿನ ತಂಗಬೇಕು, ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸಬೇಕು. 2018ರ ಅಕ್ಟೋಬರಿನಿಂದ ಪ್ರವೇಶದರವೂ ದಿನದಿನಕ್ಕೆ ಬೇರೆಯಾಗಿದೆ. ಆದುದರಿಂದ ಯಾವಾಗ ಹೋಗಬೇಕೆಂಬುದು ಅಲ್ಲಿನ ಕುಟುಂಬಗಳಿಗೆ ಒಂದು ಶಾಸ್ತ್ರವೇ ಆಗಿಬಿಟ್ಟಿದೆ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗಿನ ವಾರ, ಈಸ್ಟರ್ ಸುತ್ತಲಿನ ವಸಂತದ ರಜೆ, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಇವು ಜನ ಕಿಕ್ಕಿರಿಯುವ ಕಾಲ. ಸೆಪ್ಟೆಂಬರ್ ಮೊದಲ ಸೋಮವಾರದ ಕಾರ್ಮಿಕ ದಿನ ಕಳೆದ ಮೇಲೆ ಶಾಲೆಗಳೆಲ್ಲ ತೆರೆದಿರುವುದರಿಂದ ಜನ ವಿರಳವಾಗುತ್ತಾರೆ, ದರವೂ ಇಳಿಯುತ್ತದೆ. ಜನವರಿಯ ಉತ್ತರಾರ್ಧ ಮತ್ತು ಡಿಸೆಂಬರಿನ ಮೊದಲ ದಿನಗಳು ಇನ್ನೆರಡು ಬಿಡುವಿನ ಕಾಲಗಳು. ಲೆಕ್ಕ ಬಲ್ಲವರು ಸಾಮಾನ್ಯವಾಗಿ ಸೆಪ್ಟೆಂಬರನ್ನೇ ಆರಿಸಿಕೊಳ್ಳುತ್ತಾರೆ.

ಈ ಕುಟುಂಬವೂ ಹಾಗೆಯೇ ಮಾಡಿತು. 2022ರಲ್ಲಿ ದಶಲಕ್ಷಣ ಪರ್ವವು ಆಗಸ್ಟ್ ಕೊನೆಯಲ್ಲಿ ಆರಂಭವಾಗಿ ಸೆಪ್ಟೆಂಬರ್ 9ಕ್ಕೆ ಮುಗಿದಿತ್ತು. ಮುಂದಿನ ವರ್ಷವೂ ಹೆಚ್ಚುಕಡಿಮೆ ಹಾಗೆಯೇ ಇರಬಹುದೆಂದು ಬಗೆದು, ಮನೆಯ ಯಜಮಾನನು ಫೆಬ್ರವರಿಯಲ್ಲಿಯೇ ಸೆಪ್ಟೆಂಬರ್ 20ರಿಂದ ಐದು ದಿನಗಳಿಗೆ ಕೋಣೆ ಕಾದಿರಿಸಿದನು. ಆದರೆ 2023ರಲ್ಲಿ ಅಧಿಕ ಶ್ರಾವಣ ಬಂದು ಭಾದ್ರಪದವು ಹಿಂದೆ ಸರಿಯಿತು. ಪರ್ವವು ಸೆಪ್ಟೆಂಬರ್ 19ರಿಂದ 28ರವರೆಗೆ ಬಿದ್ದಿತು. ಇದು ಮನೆಯವರಿಗೆ ತಿಳಿದುದು ಜುಲೈಯಲ್ಲಿ, ಅಜ್ಜಿ ಪ್ರಯಾಣದ ಸಿದ್ಧತೆಗಾಗಿ ಊರಿನ ಪಂಚಾಂಗವನ್ನು ಮುಂದಿಟ್ಟುಕೊಂಡು ದೂರವಾಣಿಯಲ್ಲಿ ಮಾತನಾಡಿದಾಗ. ಮೊಮ್ಮಕ್ಕಳೊಡನೆ ಒಂದು ಪರ್ವವನ್ನಾದರೂ ಆಚರಿಸಬೇಕೆಂದೇ ಆಕೆ ಆ ವರ್ಷ ಆಗಸ್ಟಿನಲ್ಲಿ ಹೊರಟುದು.

ಇಷ್ಟಾದರೆ ದಿನ ಬದಲಾಯಿಸಿಕೊಳ್ಳುವ ಸಣ್ಣ ಸಂಗತಿ. ತೊಡಕು ಬಂದುದು ಪರಿಚಿತರೊಬ್ಬರ ಸಲಹೆಯಿಂದ. ಜಾರ್ಜಿಯಾ ರಾಜ್ಯದ ನಿಯಮದಂತೆ ಧಾರ್ಮಿಕ ಹಬ್ಬಕ್ಕಾಗಿ ಮಗು ಶಾಲೆ ತಪ್ಪಿಸಿದರೆ ಅದು ಕ್ಷಮ್ಯವಾದ ಗೈರುಹಾಜರಿ. ವಿಹಾರಕ್ಕಾಗಿ ತಪ್ಪಿಸಿದರೆ ಹಾಗಲ್ಲ. 'ಪರ್ವವೂ ಆ ವಾರದಲ್ಲಿಯೇ ಬಂದಿದೆ. ದಶಲಕ್ಷಣದ ನಿಮಿತ್ತ ರಜೆಯೆಂದು ಬರೆದುಕೊಟ್ಟು ಫ್ಲೋರಿಡಾಕ್ಕೆ ಹೋಗಿಬನ್ನಿ. ಬೆಳಿಗ್ಗೆ ಕೋಣೆಯಲ್ಲಿ ಪೂಜೆ ಮಾಡಿಕೊಂಡರಾಯಿತು. ಪತ್ರದಲ್ಲಿ ಬರೆದುದು ಸುಳ್ಳೂ ಆಗುವುದಿಲ್ಲ' ಎಂಬುದು ಅವರ ಮಾತು. ಯಜಮಾನನಿಗೆ ಈ ಮಾತು ಅರ್ಧ ಒಪ್ಪಿಗೆಯಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅವನ ಸ್ಥಾನದಲ್ಲಿ ಅನೇಕರಿಗೆ ಆಗುತ್ತಿತ್ತು.

ಇಲ್ಲಿ ಕೊಂಚ ನಿಂತು ನೋಡಬೇಕು. ಪರ್ವದ ಹತ್ತು ಧರ್ಮಗಳಲ್ಲಿ ಕ್ಷಮೆ, ಮಾರ್ದವ, ಆರ್ಜವ ಮೊದಲು ಬರುತ್ತವೆ. ಶೌಚ, ಸತ್ಯಗಳು ಹಿಂದೆಯೇ ಬರುತ್ತವೆ. ಆರ್ಜವವೆಂದರೆ ಮನಸ್ಸು, ಮಾತು, ಕೃತಿ ಇವು ಒಂದೇ ಗೆರೆಯಲ್ಲಿರುವುದು. ಪತ್ರದ ಪ್ರತಿಯೊಂದು ಅಕ್ಷರವೂ ನಿಜವಾಗಿದ್ದು, ಓದುವವನ ಮನಸ್ಸಿನಲ್ಲಿ ಸುಳ್ಳು ಮೂಡುವಂತಿದ್ದರೆ ಅದು ಆರ್ಜವಕ್ಕೆ ನೇರ ವಿರುದ್ಧವಾದುದು. ಇನ್ನೊಂದು ಲೌಕಿಕ ಕಾರಣವೂ ಇದೆ. ಸಂಖ್ಯೆಯಲ್ಲಿ ಅತ್ಯಲ್ಪರಾದ ಒಂದು ಸಮುದಾಯದ ಹಬ್ಬವನ್ನು ಪರದೇಶದ ಶಾಲೆಯೊಂದು ಪ್ರಮಾಣ ಕೇಳದೆ ಮನ್ನಿಸುವುದು ನಂಬಿಕೆಯ ಮೇಲೆ. ಹುಡುಗನು ಸೋಮವಾರ ತರಗತಿಗೆ ಮರಳಿ ಮಿಕ್ಕಿಯ ಕಿವಿಗಳುಳ್ಳ ಟೋಪಿಯನ್ನು ಗೆಳೆಯರಿಗೆ ತೋರಿಸಿದರೆ, ಮುಂದಿನ ವರ್ಷ ನಿಜವಾಗಿ ಉಪವಾಸವಿರುವ ಇನ್ನೊಂದು ಮನೆಯ ಮಗುವಿನ ಪತ್ರದ ಬೆಲೆ ಕುಸಿಯುತ್ತದೆ. ಆ ನಷ್ಟವನ್ನು ತುಂಬಿಕೊಡುವವರು ಯಾರು? ಟಿಕೆಟ್ಟಿನ ಕಿಟಕಿಯಲ್ಲಿ ಹತ್ತು ತುಂಬಿದ ಮಗುವನ್ನು ಒಂಬತ್ತೆಂದು ಹೇಳಿ ಕೆಲವು ಡಾಲರು ಉಳಿಸುವುದೂ ಇದೇ ಜಾತಿಯದು; ಹೇಳುವಾಗ ಮಗು ಪಕ್ಕದಲ್ಲಿಯೇ ನಿಂತು ಕೇಳುತ್ತಿರುತ್ತದೆ.

ಅಜ್ಜಿ ಈ ವಾದಗಳಾವುದನ್ನೂ ಹೂಡಲಿಲ್ಲ. ಫ್ಲೋರಿಡಾದಲ್ಲಿ ಆ ತಿಂಗಳು ಮಳೆಯುಂಟೇ ಎಂದು ಕೇಳಿದಳು, ಅಷ್ಟೇ.

ಮಳೆಯುಂಟು. ಇದನ್ನು ವಿಚಾರಿಸಹೊರಟಾಗಲೇ ಕುಟುಂಬಕ್ಕೆ ಕೆಲವು ಹೊಸ ಸಂಗತಿಗಳು ತಿಳಿದುಬಂದವು. ಮಧ್ಯ ಫ್ಲೋರಿಡಾದ ಮಳೆಗಾಲವು ಸುಮಾರಾಗಿ ಜೂನ್‌ನಿಂದ ಅಕ್ಟೋಬರ್‌ವರೆಗಿನದು. ಅಂದರೆ ಕರಾವಳಿಯ ಮಳೆಗಾಲಕ್ಕೂ ಚಾತುರ್ಮಾಸಕ್ಕೂ ಬಹುಮಟ್ಟಿಗೆ ಹೊಂದಿಕೊಳ್ಳುತ್ತದೆ. ಮಧ್ಯಾಹ್ನದ ಮೇಲೆ ಗುಡುಗುಮಳೆ ನಿತ್ಯದ ಮಾತು. ಚಂಡಮಾರುತಗಳ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಅದರ ಶಿಖರ ಸೆಪ್ಟೆಂಬರ್ 10ರ ಸುಮಾರಿಗೆ. 1999ರ ಫ್ಲಾಯ್ಡ್, 2004ರ ಚಾರ್ಲಿ, ಫ್ರಾನ್ಸಿಸ್, ಜೀನ್, 2017ರ ಇರ್ಮಾ, 2022ರ ಇಯಾನ್ ಈ ಚಂಡಮಾರುತಗಳಿಂದ ಉದ್ಯಾನಗಳು ಮುಚ್ಚಿದುದೆಲ್ಲ ಆಗಸ್ಟ್–ಸೆಪ್ಟೆಂಬರಿನಲ್ಲಿಯೇ. ಸೆಪ್ಟೆಂಬರಿನ ಅಗ್ಗದ ದರಕ್ಕೆ ಇವೂ ಕಾರಣವೆಂಬುದನ್ನು ಲೆಕ್ಕಿಗರು ಕೆಲವೊಮ್ಮೆ ಮರೆಯುತ್ತಾರೆ.

ಆದರೆ ಅಜ್ಜಿಯ ಪ್ರಶ್ನೆಯ ಒಳಗಿದ್ದುದು ಕೊಡೆಯ ಚಿಂತೆಯಲ್ಲ. ಫ್ಲೋರಿಡಾದಲ್ಲಿ ಲವ್‌ಬಗ್ ಎಂದು ಕರೆಯಲ್ಪಡುವ ಒಂದು ಕಪ್ಪು ಕೀಟವಿದೆ. ಎದೆಯ ಮೇಲೆ ಕೆಂಪು, ಗಂಡುಹೆಣ್ಣುಗಳು ಅಂಟಿಕೊಂಡೇ ಹಾರುತ್ತವೆ. ಮಧ್ಯ ಅಮೆರಿಕದ ಕಡೆಯಿಂದ ಹಬ್ಬುತ್ತ 1940ರ ದಶಕದ ಕೊನೆಗೆ ಅದು ಫ್ಲೋರಿಡಾವನ್ನು ಮುಟ್ಟಿತು. ಕೊಳೆತ ಹುಲ್ಲಿನಡಿ ಮರಿಗಳಾಗಿ ಬೆಳೆದು, ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಯಿಂದ ಮೇವರೆಗೆ ಮತ್ತು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ರೆಕ್ಕೆ ಮೂಡಿ ಗುಂಪುಗುಂಪಾಗಿ ಏಳುತ್ತವೆ. ಬೆಳೆದ ಕೀಟದ ಆಯುಸ್ಸು ಮೂರು ನಾಲ್ಕು ದಿನ. ವಾಹನಗಳ ಹೊಗೆಯೂ ರಸ್ತೆಯ ಕಾವೂ ಅವುಗಳನ್ನು ಹೆದ್ದಾರಿಯತ್ತಲೇ ಸೆಳೆಯುತ್ತವೆ. ಹೆಚ್ಚಾಗಿ ಹಗಲಿನಲ್ಲಿಯೇ ಹಾರುವುದರಿಂದ ಕಾರಿನ ಗಾಜಿಗೂ ಮುಂಭಾಗಕ್ಕೂ ಸಾವಿರಗಟ್ಟಲೆ ಬಡಿದು ಸಾಯುತ್ತವೆ. ಹೆದ್ದಾರಿಯ ಬದಿಯಲ್ಲಿ ನಿಂತು ಗಾಜು ಉಜ್ಜಿಕೊಳ್ಳದೆ ಮುಂದುವರಿಯಲಾಗದ ವರ್ಷಗಳೂ ಇದ್ದವು. ಈಚೆಗೆ ಕೆಲವು ವರ್ಷ ಅವು ವಿರಳವಾಗಿವೆ ಎನ್ನುತ್ತಾರೆ. ಅಟ್ಲಾಂಟಾದಿಂದ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಸುಮಾರು 700 ಕಿಲೋಮೀಟರು. ಅದರ ಕೊನೆಯ ಭಾಗವೆಲ್ಲ ಈ ಕೀಟದ ನೆಲ.

ಮುನಿಗಳು ಮಳೆಗಾಲದಲ್ಲಿ ಹೆಜ್ಜೆ ನಿಲ್ಲಿಸುವುದಕ್ಕೆ ಕಾರಣ ಯಾವುದೋ ಅದೇ ಕಾರಣವು ಹತ್ತು ಸಾವಿರ ಮೈಲಿ ಆಚೆಯ ಹೆದ್ದಾರಿಯಲ್ಲಿ, ಅದೇ ತಿಂಗಳಿನಲ್ಲಿ, ಗಾಜಿನ ಮೇಲೆ ಅಂಟಿಕೊಂಡು ಕಾಣಸಿಗುತ್ತದೆ. ಮುನಿಗಳ ನಿಯಮ ಗೃಹಸ್ಥನಿಗೆ ವಿಧಿಯಲ್ಲ, ನಿಜ. ಉದ್ಯೋಗಕ್ಕಾಗಿ, ರೋಗಿಯ ಶುಶ್ರೂಷೆಗಾಗಿ ಅವನು ಮಳೆಯಲ್ಲೂ ಹೊರಡಬೇಕು. ಅದರಲ್ಲಿ ಆಗುವ ಹಿಂಸೆಯನ್ನು ಆಚಾರ್ಯರು ಬೇರೆಯಾಗಿಯೇ ತೂಗಿದ್ದಾರೆ. ಆದರೆ ಪ್ರಯೋಜನವಿಲ್ಲದ ಹಿಂಸೆಗೆ ಅನರ್ಥದಂಡವೆಂಬ ಹೆಸರಿಟ್ಟು, ಅದನ್ನು ಬಿಡುವುದು ಗೃಹಸ್ಥನ ಗುಣವ್ರತವೆಂದಿದ್ದಾರೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯನ್ನು ಹೇಳುವಾಗ, ವ್ಯರ್ಥವಾಗಿ ನೆಲವನ್ನಗೆಯುವುದು, ನೀರು ಚೆಲ್ಲುವುದು ಇವುಗಳೊಡನೆ ವ್ಯರ್ಥವಾಗಿ ತಿರುಗಾಡುವುದನ್ನೂ ಇತರರನ್ನು ತಿರುಗಾಡಿಸುವುದನ್ನೂ ಎಣಿಸುತ್ತದೆ. ಹಾಗಾದರೆ ಮಕ್ಕಳ ಸಂತೋಷವೆಲ್ಲ ವ್ಯರ್ಥವೇ? ಹಾಗೆನ್ನುವುದು ಕಠೋರವಾದೀತು. ಮಕ್ಕಳನ್ನು ನಗಿಸುವುದು ಒಂದು ಪ್ರಯೋಜನವೇ. ಆದರೆ ಅದೇ ನಗುವನ್ನು ಕೀಟಗಳೇಳದ ಜನವರಿಯಲ್ಲಿ ಪಡೆಯಬಹುದಾಗಿರುವಾಗ ಸೆಪ್ಟೆಂಬರನ್ನೇ ಹಿಡಿದರೆ, ಹೆಚ್ಚಾದಷ್ಟು ಹಿಂಸೆ ಅನರ್ಥವೆಂಬುದರಲ್ಲಿ ಸಂದೇಹವಿಲ್ಲ. ಕಾಲದ ಆಯ್ಕೆಯು ಬರಿಯ ಹಣಕಾಸಿನ ವಿಚಾರವಲ್ಲವಾಗುವುದು ಇಲ್ಲಿ.

ಕುಟುಂಬವು ಸೆಪ್ಟೆಂಬರಿನ ಕೋಣೆಯನ್ನು ರದ್ದುಪಡಿಸಿತು. ಪರ್ವದ ಹತ್ತು ದಿನಗಳಲ್ಲಿ ಹುಡುಗನು ಎರಡು ದಿನ ಶಾಲೆ ಬಿಟ್ಟನು, ಆ ಎರಡೂ ದಿನ ಜಿನಮಂದಿರದಲ್ಲಿದ್ದನು. ಪ್ರವಾಸವು 2024ರ ಜನವರಿಯ ಮೂರನೆಯ ವಾರಕ್ಕೆ ನಿಶ್ಚಯವಾಯಿತು. ಶಾಲೆಗೆ ಬರೆದ ಪತ್ರದಲ್ಲಿ 'ಕುಟುಂಬ ಪ್ರವಾಸ' ಎಂದೇ ಇದ್ದಿತು. ನಾಲ್ಕು ದಿನಗಳ ಗೈರುಹಾಜರಿ ಅಕ್ಷಮ್ಯವೆಂದು ದಾಖಲಾಯಿತು. ಜನವರಿಯ ದರ ಸೆಪ್ಟೆಂಬರಿನದಕ್ಕಿಂತ ಹೆಚ್ಚೇ ಆಯಿತು.

ಜನವರಿಯೂ ನಿರ್ದೋಷವಾದ ಕಾಲವಲ್ಲವೆಂಬುದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಬೆಳಿಗ್ಗೆ ಹತ್ತು ಡಿಗ್ರಿಯ ಚಳಿ, ಹಗಲು ಹಿತವಾದ ಬಿಸಿಲು, ಆಕಾಶ ನಿರ್ಮಲ. ಆದರೆ ಸೂರ್ಯಾಸ್ತ ಬೇಗ. ಒರ್ಲಾಂಡೊದಲ್ಲಿ ಜೂನ್ ಕೊನೆಗೆ ಸೂರ್ಯನು ರಾತ್ರಿ 8 ಗಂಟೆ 25 ನಿಮಿಷ ದಾಟಿ ಮುಳುಗಿದರೆ, ಡಿಸೆಂಬರ್ ಮೊದಲಲ್ಲಿ ಐದೂವರೆಗೇ ಮುಳುಗುತ್ತಾನೆ. ಜನವರಿಯ ನಡುವಿನಲ್ಲಿ 5 ಗಂಟೆ 50ರ ಸುಮಾರಿಗೆ. ರಾತ್ರಿಭೋಜನ ತ್ಯಾಗವಿರುವವರು ಮಕ್ಕಳ ಆಟ ರಂಗೇರುವ ಹೊತ್ತಿಗೇ ಊಟ ಮುಗಿಸಿರಬೇಕು. ಈ ದೃಷ್ಟಿಯಿಂದ ಮಾತ್ರ ನೋಡಿದರೆ ಜೂನ್ ಉತ್ತಮ. ಆದರೆ ಜೂನಿನ ಸೆಕೆ, ಗುಡುಗುಮಳೆ, ಜನಜಂಗುಳಿಗಳನ್ನು ಎಪ್ಪತ್ತು ದಾಟಿದವರು ತಾಳಲಾರರು. ಮಾರ್ಚ್ ಎರಡನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುವುದರಿಂದ ಆ ಬಳಿಕ ಸೂರ್ಯಾಸ್ತವು ಏಳೂವರೆಯ ಸುಮಾರಿಗೆ ಬೀಳುತ್ತದೆ. ವಸಂತದ ರಜೆಯ ನೂಕುನುಗ್ಗಲಿಲ್ಲದ ಒಂದು ವಾರ ಅಲ್ಲಿ ಸಿಕ್ಕುವುದಾದರೆ ವ್ರತಸ್ಥರಿಗೆ ಅದೇ ಮೇಲೆನ್ನಬೇಕು, ಸಿಕ್ಕುವುದು ಕಷ್ಟ.

ಆಹಾರದ ಏರ್ಪಾಟು ನಿರೀಕ್ಷೆಗಿಂತ ಸುಲಭವಾಯಿತು. ಹೊರಗಿನ ತಿನಿಸನ್ನು ಉದ್ಯಾನದೊಳಕ್ಕೆ ಒಯ್ಯಲು ಅಲ್ಲಿ ಅಡ್ಡಿಯಿಲ್ಲ. ಗಾಜಿನ ಪಾತ್ರೆಗಳಿರಬಾರದು, ಅಷ್ಟೆ. ಅಡುಗೆಮನೆಯಿರುವ ಕೋಣೆಯನ್ನು ಹಿಡಿದು, ಬೆಳಿಗ್ಗೆ ಚಪಾತಿ, ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಂಡು, ಕಾಯಿಸಿ ಸೋಸಿದ ನೀರನ್ನು ತುಂಬಿಕೊಂಡು ಹೊರಡುತ್ತಿದ್ದರು. ಆಲೂಗಡ್ಡೆ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ತಟ್ಟೆಯನ್ನು ಆ ದೇಶದಲ್ಲಿ ವಿವರಿಸಿ ಪಡೆಯುವುದಕ್ಕಿಂತ ಇದು ಲೇಸು. ವಾರದ ನಡುವೆ ಅಷ್ಟಮಿ ಬಂದಿತು. ಅಂದು ಉಪವಾಸವಿದ್ದ ಅಜ್ಜಿ ಕೋಣೆಯಲ್ಲಿಯೇ ಉಳಿದು ಸಾಮಾಯಿಕ ಮಾಡಿದಳು, ಸೊಸೆ ಜೊತೆಗಿದ್ದಳು, ತಂದೆ ಮಕ್ಕಳನ್ನು ಕರೆದೊಯ್ದನು.

ಉತ್ತರ ಸಿಕ್ಕದೆ ಉಳಿದುದು ಬಾಣಬಿರುಸಿನ ಪ್ರಶ್ನೆ. ದೀಪಾವಳಿಯಂದು ಪಟಾಕಿ ಸುಡಬಾರದು, ಅದರಿಂದ ಸೂಕ್ಷ್ಮಜೀವಿಗಳಿಗೂ ಹಕ್ಕಿಗಳಿಗೂ ಹಾನಿಯೆಂದು ಪಾಠಶಾಲೆಯಲ್ಲಿ ಕಲಿತಿದ್ದ ಹುಡುಗನು, ಪ್ರತಿರಾತ್ರಿ ಕೋಟೆಯ ಮೇಲೆ ಸಿಡಿಯುವ ಬಾಣಬಿರುಸನ್ನು ನೋಡಬಹುದೇ ಎಂದು ಕೇಳಿದನು. ಮಾಡುವುದು, ಮಾಡಿಸುವುದು, ಮಾಡಿದುದಕ್ಕೆ ಮೆಚ್ಚುವುದು ಈ ಮೂರೂ ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತವೆಂದು ಅವನಿಗೆ ಕಲಿಸಿದವರು ದೊಡ್ಡವರೇ. ತಂದೆಯು, ತಾವು ನೋಡಲಿ ಬಿಡಲಿ ಅದು ಸಿಡಿದೇ ಸಿಡಿಯುತ್ತದೆಂದನು. ಚಪ್ಪಾಳೆ ತಟ್ಟಿದರೆ ಅನುಮೋದನೆಯಾಗದೇ ಎಂದು ಹುಡುಗ ಮತ್ತೆ ಕೇಳಿದನು. ತಂಗಿಗೆ ಇದೊಂದೂ ಬೇಕಿರಲಿಲ್ಲ. ಕೊನೆಯ ರಾತ್ರಿ ತಾಯಿ ಚಿಕ್ಕವಳನ್ನು ಎತ್ತಿಕೊಂಡು ನೋಡಹೋದಳು. ಹುಡುಗನು ತನ್ನ ಇಚ್ಛೆಯಿಂದಲೇ ಅಜ್ಜಿಯೊಡನೆ ಕೋಣೆಗೆ ಮರಳಿದನು. ಅವನನ್ನು ಯಾರೂ ಹೊಗಳಲಿಲ್ಲ, ತಂಗಿಯನ್ನು ಯಾರೂ ಗದರಿಸಲಿಲ್ಲ. ಇದೇ ಸರಿಯಾದುದೆಂದು ತೋರುತ್ತದೆ.

ಮಂದಿರಗಳ ಆಡಳಿತ ಮಂಡಲಿಗಳು ಯೋಚಿಸಬೇಕಾದ ಒಂದು ಸಂಗತಿ ಇದರಲ್ಲಿದೆ. ಪರದೇಶದಲ್ಲಿಯೂ, ಬೆಂಗಳೂರು, ಮುಂಬಯಿಗಳಲ್ಲಿಯೂ ಕುಟುಂಬಗಳು ರಜೆಯನ್ನು ಗೊತ್ತುಮಾಡುವುದು ಎಂಟು ಹತ್ತು ತಿಂಗಳು ಮೊದಲು. ಪರ್ವದ ಕರಪತ್ರ ಕೈಸೇರುವುದು ಹದಿನೈದು ದಿನ ಮೊದಲು. ಅಧಿಕಮಾಸ ಬಂದ ವರ್ಷ ಈ ಅಂತರವು ಮನೆಮನೆಯಲ್ಲಿ ತೊಡಕಾಗುತ್ತದೆ. ದಶಲಕ್ಷಣ, ಅಷ್ಟಾಹ್ನಿಕ, ಮಹಾವೀರ ಜಯಂತಿಗಳ ತಾರೀಖುಗಳನ್ನು ಎರಡು ವರ್ಷಕ್ಕಾಗುವಷ್ಟು ಒಂದೇ ಹಾಳೆಯಲ್ಲಿ ಅಚ್ಚುಹಾಕಿ ಜನವರಿಯಲ್ಲಿ ಹಂಚಲು ಹೆಚ್ಚು ಖರ್ಚಿಲ್ಲ. ಜೊತೆಗೆ ಊರಿನ ಸೂರ್ಯಾಸ್ತದ ವೇಳೆಯನ್ನೂ ಸೇರಿಸಬಹುದು. 2026ರಲ್ಲಿ ಅಧಿಕ ಜ್ಯೇಷ್ಠ ಬರುವುದರಿಂದ ಭಾದ್ರಪದ ಶುಕ್ಲ ಪಂಚಮಿಯು ಸೆಪ್ಟೆಂಬರಿನ ನಡುವಿಗೆ ಬೀಳುತ್ತದೆ.