ಹಗಲಿನ ಕರೆಂಟು, 2047ರ ಕರೆಂಟು

ಹಾಸ್ಟೆಲಿನ ಒಂದೇ ರೂಮಿನಲ್ಲಿ ನಾವು ಮೂವರು: ಒಬ್ಬ ಗೋಕಾಕ, ಒಬ್ಬ ಮೂಡಲಗಿ, ಒಬ್ಬ ಹುಕ್ಕೇರಿ. ಕರೆಂಟಿನ ಮಾತು ಬಂದರೆ ಗೋಕಾಕದವನಿಗೆ ಫಾಲ್ಸಿನ ಜಂಬ. 1887ರಿಂದ ನೀರಿನ ಬಲದಲ್ಲಿ ಮಿಲ್ಲು ನಡೆದ ಊರು. ಹುಕ್ಕೇರಿಯವನಿಗೆ 1969ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಜಂಬ. ಮೂಡಲಗಿಯವನಿಗೆ ಮಾತ್ರ ಕಬ್ಬಿನ ಹೊಲ, ರಾತ್ರಿ ಬರುವ ತ್ರೀ ಫೇಸು.

ಕಳೆದ ರಜೆಯಲ್ಲಿ ಅವನ ಮನೆಗೆ ಹೋಗಿದ್ವಿ. ನಮ್ಮಲ್ಲೊಬ್ಬ ಗೇಟ್ ಬರೆದು ಎನ್‌ಪಿಸಿಐಎಲ್ ಸೇರಬೇಕು ಅಂತಿದ್ದಾನೆ. ಅದು ಗೊತ್ತಾಗಿ, ಬ್ಯಾಟರಿ ಹಿಡಿದು ನೀರು ಹಾಯಿಸಲು ಹೊರಟಿದ್ದ ಅವರಪ್ಪ ನಿಂತು ಕೇಳಿದರು: "ತಮ್ಮಾ, ಆ ಕೈಗಾದ ಕರೆಂಟು ನಮಗ ಹಗಲಿ ಬರೂದು ಯಾವಾಗ?"

ನಮಗೆ ಉತ್ತರ ಗೊತ್ತಿರಲಿಲ್ಲ. ರೂಮಿಗೆ ಬಂದು ಹಳೆಯ ಗುರಿಗಳನ್ನು ಹುಡುಕಿದೆವು. 1954ರಲ್ಲಿ ಹೋಮಿ ಭಾಭಾ 1980ಕ್ಕೆ 8,000 ಮೆಗಾವ್ಯಾಟ್ ಅಂದಿದ್ದರು. 1980ರಲ್ಲಿ ಸಾವಿರವೂ ಇರಲಿಲ್ಲ. ಆಮೇಲೆ 2000ಕ್ಕೆ 10,000 ಅಂದರು. ಬಂದದ್ದು 3,000ಕ್ಕಿಂತ ಕಡಿಮೆ. 2020ಕ್ಕೆ 20,000 ಅಂದರು, ಇದ್ದದ್ದು 6,780. ಈಗ 2047ಕ್ಕೆ 1,00,000. ಪ್ರತಿ ಸಲ ತಾರೀಖು ಮುಂದಕ್ಕೆ, ಸಂಖ್ಯೆ ಮೇಲಕ್ಕೆ.

ಕಾರಣಗಳಿಲ್ಲ ಅಂತಲ್ಲ. ನಮ್ಮ ಯುರೇನಿಯಂ ಕಡಿಮೆ. 1974ರ ಪೋಖ್ರಾನ್ ಆದಮೇಲೆ ಹೊರಗಿನ ನೆರವು ನಿಂತಿತು, 2008ರಲ್ಲಷ್ಟೇ ಬಾಗಿಲು ಮತ್ತೆ ತೆರೆಯಿತು. ಕೈಗಾದಲ್ಲೇ 1994ರಲ್ಲಿ ಕಟ್ಟುತ್ತಿದ್ದ ಡೋಮಿನ ಒಳಭಾಗ ಕುಸಿದು, ಕರೆಂಟು ಬರುವಷ್ಟರಲ್ಲಿ 2000 ಆಯಿತು. (ಈ ಸ್ಥಾವರ ಬೇಡ ಅಂತ ಶಿವರಾಮ ಕಾರಂತರು 1989ರಲ್ಲಿ ಲೋಕಸಭಾ ಚುನಾವಣೆಗೇ ನಿಂತಿದ್ದರು, ಗೆಲ್ಲಲಿಲ್ಲ.)

ಆದರೆ ಒಮ್ಮೆ ಕಟ್ಟಿ ಮುಗಿಸಿದ್ದು ಓಡುತ್ತದೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಲ್ಲಿ ಮೊದಲನೆಯದು ಒಮ್ಮೆಯೂ ನಿಲ್ಲದೆ 962 ದಿನ ನಡೆದು, 2018ರಲ್ಲಿ ವಿಶ್ವದಾಖಲೆ ಮಾಡಿತು. ಅದಕ್ಕೆ ಹಗಲು ರಾತ್ರಿ ಭೇದವಿಲ್ಲ. ಹೊಲದ ಮೋಟರಿಗೆ ಬೇಕಾದದ್ದೂ ಇದೇ. ಹಾಗಾಗಿ ಒಂದು ಲಕ್ಷದ ಮಾತಿಗಿಂತ, 2017ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಹತ್ತು ರಿಯಾಕ್ಟರುಗಳಲ್ಲಿರುವ ಕೈಗಾದ 5 ಮತ್ತು 6ನೇ ಘಟಕ, ತಲಾ 700 ಮೆಗಾವ್ಯಾಟ್, ಯಾವಾಗ ಚಾಲೂ ಆಗ್ತಾವೆ ಅನ್ನೋದೇ ನಮಗೆ ದೊಡ್ಡ ಪ್ರಶ್ನೆ. ಅವನಿಗೆ ನೌಕರಿ ಸಿಕ್ಕರೆ, 2047ರ ಹೊತ್ತಿಗೆ ಅರ್ಧ ಸರ್ವಿಸ್ ಮುಗಿದಿರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಅಪ್ಪನಿಗೆ ಹೇಳಿದೆವು. ಪೂರ್ತಿ ಕೇಳಿ, "ಹಂಗಾದ್ರ ಇವತ್ತೂ ರಾತ್ರಿ ಹೋಗಬೇಕಲ್ಲ," ಅಂದು ಫೋನಿಟ್ಟರು.