ಗೋಸೇವೆಯೂ ಗೋದಲಿಯೂ

ಗೋವನ್ನು ಕೊಂಡಾಡುವವರು ನಮ್ಮಲ್ಲಿ ಬಹುಮಂದಿ. ಅದರ ಗೋದಲಿಯಲ್ಲಿ ಏನಿದೆಯೆಂದು ಬಗ್ಗಿ ನೋಡುವವರು ಕೆಲವರು ಮಾತ್ರ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರಿಗೆ ಸಂಸ್ಕೃತ ಪಾಠ ಹೇಳಿ ನಿವೃತ್ತನಾದ ನಾನು ಈ ಮಾತನ್ನಾಡುವುದಕ್ಕೆ ಕಾರಣವುಂಟು. ಕಾಳಿದಾಸನ ರಘುವಂಶದ ಎರಡನೆಯ ಸರ್ಗದಲ್ಲಿ ದಿಲೀಪ ಮಹಾರಾಜನು ವಸಿಷ್ಠರ ಧೇನುವಾದ ನಂದಿನಿಯನ್ನು ಸೇವಿಸಿದ ಕಥೆಯಿದೆ. ಇಂದು ನಮ್ಮ ಮನೆಗಳಿಗೆ ಬರುವ ಹಾಲಿನ ಪೊಟ್ಟಣದ ಮೇಲಿರುವುದೂ ಆ ಧೇನುವಿನ ಹೆಸರೇ. ಪಾಠವಾದ ಮೇಲೆ ಪ್ರಶ್ನೆ ಕೇಳಿದರೆ, ಸಿಂಹ ಬಂದದ್ದನ್ನೂ ರಾಜನು ತನ್ನ ದೇಹವನ್ನೇ ಒಪ್ಪಿಸಲು ಸಿದ್ಧನಾದದ್ದನ್ನೂ ಹುಡುಗರೆಲ್ಲರೂ ಉತ್ಸಾಹದಿಂದ ಹೇಳುತ್ತಿದ್ದರು. ಅದಕ್ಕೆ ಎಷ್ಟೋ ಮೊದಲೇ ರಾಜನು ರುಚಿಯಾದ ಹುಲ್ಲಿನ ತುತ್ತುಗಳನ್ನು ಕೊಟ್ಟು, ಮೈ ತುರಿಸಿ, ನೊಣಗಳನ್ನು ಓಡಿಸಿದನೆಂಬುದು ಒಬ್ಬಿಬ್ಬರಿಗೆ ಮಾತ್ರ ನೆನಪಿರುತ್ತಿತ್ತು. ಸಿಂಹದ ಬಾಯಿಗೆ ಮೈಯೊಡ್ಡುವ ಪ್ರಸಂಗ ನಮ್ಮ ನಿಮ್ಮಂಥವರಿಗೆ ಬರತಕ್ಕದ್ದಲ್ಲ. ಹುಲ್ಲಿನ ತುತ್ತಿನ ಪ್ರಸಂಗವಾದರೋ ದಿನದಿನವೂ ಬರುವುದು.

ಕೋಲಾರದ ಸೀಮೆಯ ನಮ್ಮ ಹಳ್ಳಿಯಲ್ಲಿ ಒಂದೆರಡು ಎಕರೆ ರಾಗಿಯ ಹೊಲ, ಒಂದೆರಡು ಸೀಮೆಹಸು, ಇಷ್ಟೇ ಅನೇಕ ಕುಟುಂಬಗಳ ಜೀವನಾಧಾರ. ಬೆಳೆ ಮಳೆಯ ದಾರಿ ಕಾಯುವುದು. ಹಾಲು ಮಾತ್ರ ಬೆಳಗೂ ಬೈಗೂ ಡೇರಿಗೆ ಹೋಗಿ, ಬಟವಾಡೆಯ ಹಣವಾಗಿ ಮನೆಗೆ ಹಿಂದಿರುಗುವುದು. ನಮ್ಮ ಪಕ್ಕದ ಮನೆಯ ತಾಯಿ ಗಂಡನನ್ನು ಕಳೆದುಕೊಂಡವರು. ಅಂಗಡಿಯ ಬಾಕಿ ತೀರುವುದೂ ಮಗಳ ಕಾಲೇಜಿನ ಫೀಜು ಸಲ್ಲುವುದೂ ಒಂದೇ ಹಸುವಿನಿಂದ. ಈದ ಹೊಸದರಲ್ಲಿ ದಿನಕ್ಕೆ ಹತ್ತು ಲೀಟರು ಕೊಡುತ್ತಿದ್ದ ಆ ಹಸು ನಾಲ್ಕನೆಯ ತಿಂಗಳಿಗೆ ಐದಕ್ಕೆ ಇಳಿಯಿತು, ಬೆದೆಗೂ ಬರಲಿಲ್ಲ.

“ಯಾರದೋ ಕಣ್ಣು ತಾಗಿದೆ ಮೇಷ್ಟ್ರೇ. ತಾಯಿತ ಕಟ್ಟಿಸಿದ್ದೂ ಆಯಿತು. ದಲ್ಲಾಳಿ ಬಂದು ಕೇಳಿ ಹೋಗಿದ್ದಾನೆ, ಕೊಟ್ಟುಬಿಡುತ್ತೇನೆ. ಹುಡುಗಿಯ ಓದು ಇಷ್ಟಕ್ಕೇ ಸಾಕು” ಎಂದು ಆಕೆ ಕಣ್ಣಲ್ಲಿ ನೀರು ತಂದುಕೊಂಡರು.

“ಸ್ವಲ್ಪ ತಾಳಮ್ಮ. ಮೊದಲು ಡಾಕ್ಟರು ಬಂದು ನೋಡಲಿ, ದಲ್ಲಾಳಿ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದೆನು.

ಪಶುವೈದ್ಯರು ಬಂದರು. ಹಸುವಿನ ಮೈಯನ್ನು ನೋಡಿದಷ್ಟೇ ಹೊತ್ತು ಗೋದಲಿಯನ್ನೂ ನೋಡಿದರು. ಹೊರಗಿನಿಂದ ಕೊಂಡು ತಂದ ಒಣ ಭತ್ತದ ಹುಲ್ಲು. ಉದ್ದುದ್ದವಾಗಿಯೇ ಹಾಕಿದ್ದುದರಿಂದ ಅರ್ಧವೆಲ್ಲ ಕಾಲಡಿಯಲ್ಲಿ. ಹಾಲು ಹತ್ತಿದ್ದಾಗಲೂ ಐದಾದಾಗಲೂ ಹಿಂಡಿ ಬೂಸ ದಿನಕ್ಕೆ ಎರಡೇ ಕಿಲೋ. ನೀರು ಎರಡು ಹೊತ್ತು ಮಾತ್ರ. “ರೋಗವೇನೂ ಇಲ್ಲ. ಮೊದಲ ತಿಂಗಳುಗಳಲ್ಲಿ ಇದು ತನ್ನ ಮೈಯನ್ನೇ ಕರಗಿಸಿ ಹಾಲು ಕೊಟ್ಟಿದೆ; ಇನ್ನು ಕರಗಿಸುವುದಕ್ಕೆ ಮೈಯಿಲ್ಲ” ಎಂದರು. ಆ ಮಾತು ನನ್ನ ಮನಸ್ಸಿಗೆ ನಾಟಿತು.

ಇದರ ತತ್ತ್ವ ಕಠಿಣವಾದುದಲ್ಲ. ಹಸುವಿನ ಜಠರಕ್ಕೆ ನಾಲ್ಕು ಕೋಣೆಗಳು. ಅವುಗಳಲ್ಲಿ ದೊಡ್ಡದರೊಳಗೆ ಕಣ್ಣಿಗೆ ಕಾಣದ ಅಸಂಖ್ಯ ಸೂಕ್ಷ್ಮಜೀವಿಗಳು ವಾಸಿಸಿ, ನಮಗೆ ಜೀರ್ಣವಾಗದ ನಾರನ್ನು ಒಡೆದು ಹಸುವಿಗೆ ಆಹಾರವಾಗಿ ಮಾರ್ಪಡಿಸುವುವು. ಆದುದರಿಂದ ಹುಲ್ಲು ಹಾಕುವವರು ಮೊದಲು ಉಣಬಡಿಸುವುದು ಈ ಜೀವಿಗಳಿಗೇ ಎನ್ನಬಹುದು. ಒಣ ಭತ್ತದ ಹುಲ್ಲಿನಲ್ಲಿ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಅಷ್ಟರಿಂದ ಅವುಗಳ ಕೆಲಸ ಸಾಗದು. ಹೊಟ್ಟೆ ತುಂಬುವುದು, ಮೈ ತುಂಬದು. ಅದಲ್ಲದೆ ಆ ಹುಲ್ಲಿನಲ್ಲಿರುವ ಆಕ್ಸಲೇಟು ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಳ್ಳುವುದು. ಹಾಲು ಕರೆಯುವ ಹಸುವಿಗೆ ಬಹು ಅವಶ್ಯವಾದದ್ದು ಆ ಸುಣ್ಣವೇ. ನಮ್ಮ ರಾಗಿಯ ಹುಲ್ಲು ಅದಕ್ಕಿಂತ ಎಷ್ಟೋ ಮೇಲು.

ಫಲವನ್ನು ನೋಡಿ ಮೇವು ಕೊಡಬೇಕೆಂಬುದು ಹೊಸ ಮಾತೂ ಅಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಗೋಧ್ಯಕ್ಷ ಪ್ರಕರಣದಲ್ಲಿ ಹುಲ್ಲು, ಹಿಂಡಿ, ತೌಡು, ಉಪ್ಪುಗಳಿಗೆ ಅಳತೆಯನ್ನು ಹೇಳಿ, ದುಡಿಯುವ ಎತ್ತಿಗೂ ಕರೆಯುವ ಹಸುವಿಗೂ ಕೆಲಸವನ್ನೂ ಫಲವನ್ನೂ ಅನುಸರಿಸಿ ಕೊಡತಕ್ಕದ್ದೆಂದು ವಿಧಿಸಿದೆ. 1927ರಲ್ಲಿ ವಿಶ್ರಾಂತಿಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು, 1923ರಲ್ಲಿ ಅಲ್ಲಿ ಸ್ಥಾಪಿತವಾಗಿದ್ದ ಇಂಪೀರಿಯಲ್ ಡೇರಿ ಸಂಸ್ಥೆಗೆ ಹೋಗಿ ವಿದ್ಯಾರ್ಥಿಯಂತೆ ಪಶುಪಾಲನೆಯ ಪಾಠ ಕೇಳಿದರು. ಭಕ್ತಿಯಿದ್ದ ಮಾತ್ರಕ್ಕೆ ಸಾಲದು, ತಿಳಿವಳಿಕೆಯೂ ಬೇಕೆಂದು ಅವರು ಬಲ್ಲರು.

ವೈದ್ಯರು ಹೇಳಿದ ಲೆಕ್ಕ ಹೀಗೆ: ಸೀಮೆಹಸುವಿನ ದೇಹಪೋಷಣೆಗೆ ಒಂದೂವರೆಯಿಂದ ಎರಡು ಕಿಲೋ ಪಶು ಆಹಾರ, ಅದರ ಮೇಲೆ ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದೊಂದು ಕಿಲೋ. ಒಳ್ಳೆಯ ಹಸಿರು ಮೇವಿದ್ದರೆ ಇದರಲ್ಲಿ ಉಳಿತಾಯ ಮಾಡಬಹುದು. ದಿನಕ್ಕೆ 50 ಗ್ರಾಂ ಲವಣ ಮಿಶ್ರಣ. ಹಾಲಿನಲ್ಲಿ ನೂರಕ್ಕೆ ಎಂಬತ್ತೇಳು ಪಾಲು ನೀರೇ ಆದ್ದರಿಂದ, ಬೇಕೆಂದಾಗಲೆಲ್ಲ ಕುಡಿಯಲು ನೀರು. ಯಾವ ಬದಲಾವಣೆಯನ್ನೇ ಆಗಲಿ ಒಮ್ಮೆಲೇ ಮಾಡದೆ, ವಾರ ಹತ್ತು ದಿನಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಮಾಡತಕ್ಕದ್ದು.

ಆ ತಾಯಿ ಅಕ್ಷರಶಃ ನಡೆಸಿದರು. ರಾಗಿಯ ಹುಲ್ಲನ್ನು ತುಂಡರಿಸಿ ಹಾಕಿದ್ದರಿಂದ ಕಾಲಡಿಯ ನಷ್ಟ ತಪ್ಪಿ, ಹುಲ್ಲಿನ ಖರ್ಚು ಇಳಿಯಿತು. ಆ ಹಣ ಹಿಂಡಿಗಾಯಿತು. ಬಚ್ಚಲ ನೀರು ಹರಿಯುವೆಡೆಯಲ್ಲಿ ನೇಪಿಯರ್ ಹುಲ್ಲಿನ ತುಂಡುಗಳನ್ನು ನೆಟ್ಟರು. ಬೇಲಿಯ ಉದ್ದಕ್ಕೂ ಅಗಸೆಯ ಗಿಡಗಳನ್ನು ಹಾಕಿದರು. ಎರಡು ತಿಂಗಳಲ್ಲಿ ಹಾಲು ಏಳು ಲೀಟರಾಯಿತು. ಹತ್ತಕ್ಕೆ ಏರಲಿಲ್ಲ, ಈದು ಬಹುದಿನವಾದ ಹಸುವಿನಿಂದ ಅದನ್ನು ನಿರೀಕ್ಷಿಸುವುದೂ ಸರಿಯಲ್ಲ. ಆದರೆ ಹಸು ಬೆದೆಗೆ ಬಂದು ಗಬ್ಬವಾಯಿತು. ಎರಡು ಲೀಟರು ಹಾಲಿಗಿಂತ ಇದು ದೊಡ್ಡ ಲಾಭ. ದಲ್ಲಾಳಿ ಬರಿಗೈಯಲ್ಲಿ ಹೋದನು. ಹುಡುಗಿ ಈಗ ಎರಡನೆಯ ವರ್ಷದ ತರಗತಿಯಲ್ಲಿದ್ದಾಳೆ.

ಭತ್ತದ ಹುಲ್ಲಲ್ಲದೆ ಗತಿಯಿಲ್ಲದವರಿಗೂ ಉಪಾಯವುಂಟು. ನೂರು ಕಿಲೋ ಹುಲ್ಲಿಗೆ ನಾಲ್ಕು ಕಿಲೋ ಯೂರಿಯಾವನ್ನು ಸುಮಾರು ಐವತ್ತು ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು ಅದುಮಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವುದು. ಹುಲ್ಲು ಮೆತ್ತಗಾಗಿ ಸತ್ತ್ವ ಹೆಚ್ಚುವುದು. ಹಾಕುವ ಮೊದಲು ಗಾಳಿಗೆ ಹರಡಿ ಘಾಟನ್ನು ಹೋಗಲಾಡಿಸಬೇಕು. ಆರು ತಿಂಗಳೊಳಗಿನ ಕರುಗಳಿಗೆ ಕೊಡಲಾಗದು. ಯೂರಿಯಾ ಬೆರೆತ ನೀರನ್ನು ಹಸು ಕುಡಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಮೊದಲನೆಯ ಸಾರಿ ಬಲ್ಲವರ ಎದುರಿನಲ್ಲಿಯೇ ಮಾಡುವುದು ಕ್ಷೇಮ.

ಹಸುವನ್ನು ಸಾಕದ ಗೃಹಸ್ಥರೂ ಗೃಹಿಣಿಯರೂ ಅರಿಯತಕ್ಕ ಸಂಗತಿಗಳೆರಡಿವೆ. ಹಬ್ಬದ ದಿನ ಮಿಕ್ಕ ಅನ್ನ, ಪೊಂಗಲು, ಪಾಯಸಗಳನ್ನು ಪುಣ್ಯವೆಂದು ಹಸುವಿನ ಮುಂದೆ ಸುರಿಯುವ ರೂಢಿ ಹಲವೆಡೆ ಇದೆ. ಇಂಥ ಆಹಾರ ಅತಿಯಾದರೆ ಜಠರದಲ್ಲಿ ಹುಳಿಯೇರಿ, ಹೊಟ್ಟೆಯುಬ್ಬರಿಸಿ, ಹಸು ಸಾಯುವುದೂ ಉಂಟು. ಪೂಜೆಗೆ ಒಂದು ಹಿಡಿ ಸಾಕು. ಮಿಕ್ಕದ್ದಕ್ಕೆ ಹಸಿರು ಹುಲ್ಲಿನ ಹೊರೆಯೇ ನಿಜವಾದ ನೈವೇದ್ಯ. ಎರಡನೆಯದು, ತರಕಾರಿಯ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯಬಾರದು. ಹಸು ಗಂಟು ಬಿಚ್ಚಲರಿಯದು, ಚೀಲವನ್ನೇ ನುಂಗುವುದು. ಆ ಚೀಲ ಕರಗದೆ ಜಠರದಲ್ಲಿಯೇ ಕುಳಿತು ಮೇವಿನ ದಾರಿಯನ್ನು ಅಡ್ಡಗಟ್ಟುವುದು.

ಪ್ರಿಯ ವಾಚಕರೇ, ತನಗೆ ಸಾಲದೆಂದು ಬಾಯಿಬಿಟ್ಟು ಹೇಳಲಾರದ ಪ್ರಾಣಿಯಿದು; ಹೇಳಬೇಕಾದುದನ್ನೆಲ್ಲ ಹಾಲಿನ ಅಳತೆಯಲ್ಲಿಯೇ ಹೇಳುವುದು. ಹಾಲು ಇಳಿದಾಗ ದಲ್ಲಾಳಿಯನ್ನು ಕರೆಯುವ ಮುನ್ನ ಗೋದಲಿಯ ಕಡೆಗೊಮ್ಮೆ ಹೋಗಿ ಬನ್ನಿರಿ. ನೀರಿನ ತೊಟ್ಟಿಯನ್ನೂ ನೋಡಿ ಬನ್ನಿರಿ.